ಬಿಸಿಲಿಗೆ ಹಸಿರಾದ ಸೋಮಣ್ಣ

ರಾಜೀವ ಪ್ರಿಂಟರು ಕೊಂಡದ್ದು ಯಾರ ಒತ್ತಾಯಕ್ಕೂ ಅಲ್ಲ. ಹೊನ್ನಾವರದ ನಮ್ಮ ಬಂದರು ಕೇರಿಯಲ್ಲಿ ಅವನನ್ನು ಹಾಗೆ ಒತ್ತಾಯಿಸುವಷ್ಟು ಧೈರ್ಯ ಯಾರಿಗೂ ಇರಲಿಲ್ಲ. ಹಿಂದೊಮ್ಮೆ ಅವನು ಮಿಕ್ಸಿ ರಿಪೇರಿ ಮಾಡಿದ ಮೇಲೆ ಅವನ ಹೆಂಡತಿ ಸುಚಿತಾ ಒರಳುಕಲ್ಲಿಗೆ ಮರಳಿದ್ದಳು. ನಮ್ಮ ಮನೆಯ ಗೋಡೆ ಗಡಿಯಾರಕ್ಕೆ ಅವನು ಕೈ ಹಚ್ಚಿದ ಮೇಲೆ ಅದು ತನಗೆ ತೋಚಿದ ಹೊತ್ತನ್ನು ತೋರಿಸುತ್ತದೆ. ನಾನು ಅವನ ಪಕ್ಕದ ಮನೆಯವನು, ಗಡಿಯಾರವನ್ನೂ ಕಳೆದುಕೊಂಡವನು, ಹಾಗಾಗಿ ಅವನ ಕಥೆ ಹೇಳುವ ಹಕ್ಕು ನನಗಿದೆ.

ಹಾಗೆಂದು ರಾಜೀವ ಕೆಟ್ಟವನಲ್ಲ. ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತ. ಕುಡಿಯುವುದಿಲ್ಲ, ಜಗಳವಿಲ್ಲ. ಅವನಿಗಿರುವ ಚಟ ಒಂದೇ. ಯಾವುದೇ ವಿಷಯವನ್ನು ಮೊಬೈಲಿನಲ್ಲಿ ಅರ್ಧ ನೋಡುವುದು, ಉಳಿದ ಅರ್ಧವನ್ನು ತಾನೇ ಊಹಿಸುವುದು, ಆಮೇಲೆ ಇಡಿಯಾಗಿ ಊರಿಗೆ ವಿವರಿಸುವುದು. ಈ ಸಲ ಅವನು ಅರ್ಧ ನೋಡಿದ್ದು ಫೋಟೋ ಪ್ರಿಂಟ್ ಮಾಡುವ ವಿದ್ಯೆಯನ್ನು.

ಅದಕ್ಕೆ ಸಂದರ್ಭವೂ ಒದಗಿತ್ತು. ಅವನ ತಂಗಿ ದಿವ್ಯಶ್ರೀಗೆ ಭಟ್ಕಳದಿಂದ ಸಂಬಂಧ ಬಂದಿತ್ತು. ಹುಡುಗ ಶಿಶಿರ, ಮೀನುಗಾರಿಕೆ ಬೋಟುಗಳ ಇಂಜಿನ್ ರಿಪೇರಿ ಮಾಡುವವನು, ಸ್ವಂತ ವರ್ಕ್‌ಶಾಪು. ಹುಡುಗಿ ಇಲ್ಲಿಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಅವರಿಬ್ಬರೂ ಮೊದಲು ಒಬ್ಬರನ್ನೊಬ್ಬರು ಒಪ್ಪಿಕೊಂಡು, ಆಮೇಲೆ ಹಿರಿಯರೇ ಹುಡುಕಿದ ಹಾಗೆ ಏರ್ಪಾಟು ಮಾಡಿದ್ದರು. ಇದು ಕೇರಿಗೆಲ್ಲ ಗೊತ್ತಿತ್ತು, ಆದರೆ ಎಲ್ಲರೂ ಗೊತ್ತಿಲ್ಲದಂತೆ ಇದ್ದರು. ಇನ್ನು ಉಳಿದದ್ದು ವೀಳ್ಯದ ಶಾಸ್ತ್ರ ಮಾತ್ರ.

ಆ ಶಾಸ್ತ್ರದಲ್ಲಿ ಅವರ ಮನೆತನಕ್ಕೊಂದು ಪದ್ಧತಿಯಿದೆ. ಹೆಣ್ಣು ಕೊಡುವ ಮಾತು ನಿಶ್ಚಯವಾಗುವ ದಿನ ಗತಿಸಿದ ಹಿರಿಯರ ಫೋಟೋವನ್ನು ಮಣೆಯ ಮೇಲಿಟ್ಟು, ಎದುರಿಗೆ ಎಲೆ ಹಾಕಿ ಅನ್ನ, ಮೀನುಸಾರು ಬಡಿಸಿ, ವೀಳ್ಯ ಇಟ್ಟು ಒಪ್ಪಿಗೆ ಕೇಳಬೇಕು. ಕುಟುಂಬದ ಹಿರಿಯ ಗಂಡಸು ಆ ಮುಖವನ್ನು ನೋಡಿ "ಒಪ್ಪಿದ್ರು" ಎನ್ನಬೇಕು. ಅವನು ಅಂದ ಮೇಲೆಯೇ ಉಳಿದವರಿಗೆ ಊಟ. ಇಲ್ಲಿಯವರೆಗೆ ಯಾವ ಹಿರಿಯರೂ ಒಪ್ಪದೆ ಇದ್ದದ್ದಿಲ್ಲ. ಹಸಿದ ನೆಂಟರನ್ನು ಸಾಲಾಗಿ ಎದುರಿಗೆ ಕೂರಿಸಿಕೊಂಡು ಬೇಡ ಎನ್ನುವುದು ಫೋಟೋಕ್ಕೂ ಕಷ್ಟವೇ.

ಈ ಮನೆಯಲ್ಲಿ ಗತಿಸಿದ ಹಿರಿಯರೆಂದರೆ ರಾಜೀವನ ಅಪ್ಪ ಸೋಮ. ದಿವ್ಯಶ್ರೀ ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡವರು. ಅವರದೊಂದೇ ಫೋಟೋ ಇದ್ದದ್ದು, ಅಂಗೈಯಷ್ಟು ಅಗಲದ ಕಪ್ಪು ಬಿಳುಪಿನದು. ಅದು ಅವರ ಹೆಂಡತಿ ಈರಮ್ಮನ ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗೆ ಇರುತ್ತಿತ್ತು. ಬಿಳಿ ಅಂಗಿ ತೊಟ್ಟು ಕುರ್ಚಿಯ ಮೇಲೆ ನೆಟ್ಟಗೆ ಕೂತ ಯುವಕ, ತೊಡೆಯ ಮೇಲೆ ಬಿಗಿಯಾಗಿ ಮುಚ್ಚಿದ ಬಲ ಮುಷ್ಟಿ, ದೂರದಲ್ಲಿ ಏನನ್ನೋ ನೋಡುತ್ತಿರುವ ಕಣ್ಣು. ಅಪ್ಪನ ಮುಖ ದಿವ್ಯಶ್ರೀಗೆ ಆ ಫೋಟೋ ಬಿಟ್ಟು ಬೇರೆ ಗೊತ್ತಿಲ್ಲ. ವೀಳ್ಯದ ದಿನ ಅಪ್ಪನನ್ನು ದೊಡ್ಡದಾಗಿ ಕಾಣಬೇಕು, ಅವನ ಎದುರಿಗೇ ಎಲ್ಲ ನಡೆಯಬೇಕು ಎಂಬುದು ಅವಳ ಆಸೆ. ಈ ವಿಷಯದಲ್ಲಿ ಮಾತ್ರ ಅವಳು ತಮಾಷೆ ಸಹಿಸುತ್ತಿರಲಿಲ್ಲ.

ಸೋಮಣ್ಣನ ಬಗ್ಗೆ ಕೇರಿಯಲ್ಲಿ ಒಂದು ಕಥೆ ಚಾಲ್ತಿಯಲ್ಲಿತ್ತು. ಅವರು ಪ್ರಾಯದಲ್ಲಿ ಮಹಾ ಸಾಹಸಿ, ಭಟ್ಕಳದಾಚೆಯ ನೇತ್ರಾಣಿ ದ್ವೀಪಕ್ಕೆ ಒಬ್ಬರೇ ದೋಣಿ ಹುಟ್ಟು ಹಾಕಿಕೊಂಡು ಹೋಗಿ ಬಂದವರು. ಮದುವೆಯಾದ ಮೇಲೆ ಈರಮ್ಮ ಸಮುದ್ರಕ್ಕೆ ಬಿಡಲೇ ಇಲ್ಲ. ಹಾಗಾಗಿ ಪಾಪ, ಸಾಯುವ ತನಕ ಬಂದರಿನ ದಕ್ಕೆಯಲ್ಲಿ ನಿಂತು ಮೀನಿನ ಹರಾಜು ಕೂಗಿದರು. ಈ ಕಥೆ ಹೇಳುವಾಗ ಎಲ್ಲರೂ ಕೊನೆಗೆ ಈರಮ್ಮನ ಕಡೆ ಒಮ್ಮೆ ನೋಡಿ ನಾಲಿಗೆ ಲೊಚ್ ಎನ್ನಿಸುತ್ತಿದ್ದರು. ಈರಮ್ಮ ಮೀನಿನ ಬುಟ್ಟಿ ಸರಿಮಾಡಿಕೊಂಡು ಸುಮ್ಮನೆ ಎದ್ದು ಹೋಗುತ್ತಿದ್ದರು.

ಈ ಕಥೆಯ ಮುಖ್ಯ ಪ್ರಚಾರಕ ಕುಮಟೆಯ ದಿನೇಶ. ಸೋಮಣ್ಣನ ಚಿಕ್ಕಪ್ಪನ ಮಗ, ಈಗ ಕುಟುಂಬದ ಹಿರಿಯ ಗಂಡಸು, ಒಂದು ದೊಡ್ಡ ಬೋಟಿನ ಮಾಲೀಕ. ಸಣ್ಣವನಿದ್ದಾಗ ಸೋಮಣ್ಣನ ತೊಡೆಯ ಮೇಲೆ ಕೂತು ನೇತ್ರಾಣಿಯ ಸಂಗತಿಯನ್ನು ಅವರ ಬಾಯಿಯಿಂದಲೇ ಕೇಳಿದವನು. ಆ ಫೋಟೋ ಕಂಡಾಗಲೆಲ್ಲ, ನೋಡಿ, ಆ ಮುಷ್ಟಿ ಚುಕ್ಕಾಣಿ ಹಿಡಿದ ಮುಷ್ಟಿ, ಆ ಕಣ್ಣು ಅಲೆ ಲೆಕ್ಕ ಹಾಕುವ ಕಣ್ಣು ಎನ್ನುತ್ತಿದ್ದ. ಅವನಿಗೆ ಭಟ್ಕಳದ ಸಂಬಂಧ ಹಿಡಿಸಿರಲಿಲ್ಲ. ಹುಡುಗನಲ್ಲಿ ತಪ್ಪಿಲ್ಲ, ಆದರೆ ಅದು ಬೋಟಿಲ್ಲದ ಮನೆ. ಸೋಮಣ್ಣನಂಥವರ ಮಗಳನ್ನು ದಂಡೆಯ ಮೇಲೆ ನಟ್ಟು ಬೋಲ್ಟು ತಿರುಗಿಸುವವನಿಗೆ ಕೊಡುವುದೇ ಎಂದು ಫೋನು ಮಾಡಿದಾಗಲೆಲ್ಲ ಕೇಳುತ್ತಿದ್ದ. ಬೇಡ ಎನ್ನಲು ಗಟ್ಟಿ ಕಾರಣವೊಂದು ಸಿಕ್ಕಿರಲಿಲ್ಲ, ಅಷ್ಟೇ.

ಆ ಕಾರಣವನ್ನು ಒದಗಿಸಿಕೊಟ್ಟವನು ನಮ್ಮ ರಾಜೀವ.

ಫೋಟೋ ದೊಡ್ಡದು ಮಾಡಿಸಲು ಸ್ಟುಡಿಯೋಕ್ಕೆ ಕೊಡು ಎಂದು ಈರಮ್ಮ ಹೇಳಿದ್ದರು. ಸ್ಟುಡಿಯೋದವರಿಗೆ ಎಂತ ಗೊತ್ತದೆ ಎಂದು ರಾಜೀವ ಭಟ್ಕಳಕ್ಕೆ ಹೋಗಿ ಬಣ್ಣದ ಇಂಕ್‌ಜೆಟ್ ಪ್ರಿಂಟರು ತಂದ. ಪೆಟ್ಟಿಗೆ ಬಿಚ್ಚುವಾಗ ನಾವು ಅಕ್ಕಪಕ್ಕದವರೆಲ್ಲ ಸೇರಿದ್ದೆವು. ಎದುರು ಮನೆಯ ಬಂಗಾರಿ ಈರಮ್ಮನ ಜೊತೆ ಮೀನು ಮಾರುವವಳು, ಯಾವುದನ್ನೂ ಕೇಳದೆ ಬಿಡುವವಳಲ್ಲ. ಫೋಟೋದಲ್ಲಿ ಬಣ್ಣವೇ ಇಲ್ಲ, ಬಣ್ಣದ ಮಿಷನ್ನು ಎಂತಕೆ ಎಂದು ಕೇಳಿದಳು. ಪ್ರಶ್ನೆ ಸರಿಯಾಗಿಯೇ ಇತ್ತು.

ರಾಜೀವ ಕನ್ನಡಕ ಏರಿಸಿಕೊಂಡ. "ಬಂಗಾರಕ್ಕ, ಎಲ್ಲ ಬಣ್ಣ ಸರಿಯಾಗಿ ಕೂಡಿದ್ರೆ ಬೂದು ಆಗ್ತದೆ. ಇದ್ರೊಳಗೆ ಎಲ್ಲ ಬಣ್ಣವೂ ಇರ್ತದೆ, ಆದ್ರೆ ಕಾಣೂದಿಲ್ಲ. ಅದೇ ಇದ್ರ ಗಮ್ಮತ್ತು."

ಈ ಮಾತನ್ನು ನೆನಪಿಡಿ. ಆಮೇಲೆ ಕುಮಟೆಯ ದಿನೇಶನೂ ನೆನಪಿಟ್ಟುಕೊಂಡ.

ಮೊದಲು ಬರೀ ಕಪ್ಪು ಶಾಯಿಯಲ್ಲಿ ಪ್ರಿಂಟ್ ಹಾಕಿ ನೋಡಿದ. ಸೋಮಣ್ಣನ ಕೆನ್ನೆಯ ತುಂಬ ಸಣ್ಣ ಸಣ್ಣ ಚುಕ್ಕೆ. ಅಪ್ಪನಿಗೆ ಸಿಡುಬು ಆಗಿತ್ತಾ ಎಂದು ದಿವ್ಯಶ್ರೀ ಕೇಳಿದಳು. ಇಲ್ಲ, ಇದು ಒಂದೇ ಶಾಯಿಯ ದೋಷ ಎಂದು ರಾಜೀವ ಎಲ್ಲ ಬಣ್ಣಗಳನ್ನೂ ಕೂಡಿಸಿ ಹಾಕಿದ. ಚುಕ್ಕೆ ಹೋಯಿತು, ಚರ್ಮ ನುಣುಪಾಯಿತು, ಆದರೆ ಸೋಮಣ್ಣ ಬಂಗಡೆ ಮೀನಿನ ಬೆನ್ನಿನ ಬಣ್ಣಕ್ಕೆ ಬಂದರು. ನೀಲಿ ಕಡಿಮೆ ಮಾಡಿದ. ಹಳದಿ ಹೆಚ್ಚಾಗಿ ಅರಿಸಿನ ಎಣ್ಣೆ ಹಚ್ಚಿದ ಮದುಮಗನಂತಾದರು. ಹಳದಿ ಇಳಿಸಿ ಕೆಂಪು ಏರಿಸಿದ. ಆ ಪ್ರತಿಯನ್ನು ಅವನು ಯಾರಿಗೂ ತೋರಿಸಲಿಲ್ಲ, ಆದರೆ ಕಸದ ಬುಟ್ಟಿಯಲ್ಲಿ ಅದನ್ನು ಕಂಡ ಬಂಗಾರಿ ಕರ್ಕಿಯ ಯಕ್ಷಗಾನ ಮೇಳದ ಸ್ತ್ರೀವೇಷದವರು ಯಾರು ಇವರು, ಚೆಂದ ಇದ್ದಾರೆ ಎಂದು ಕೇಳಿದಳು.

ಕೊನೆಗೂ ಒಂದು ಸಂಜೆ ಒಳಕೋಣೆಯ ಟ್ಯೂಬ್‌ಲೈಟಿನ ಕೆಳಗೆ ಸರಿಯಾದ ಪ್ರತಿ ಹೊರಬಂತು. ಸುಳ್ಳು ಹೇಳಬಾರದು, ನನಗೂ ಆಶ್ಚರ್ಯವಾಯಿತು. ಅಪ್ಪಟ ಬೂದು, ಬೆಳಕು ನೆರಳು ಎಲ್ಲ ಇದ್ದಲ್ಲೇ ಇದೆ. ಮುಷ್ಟಿಯ ಗೆಣ್ಣುಗಳನ್ನು ಎಣಿಸಬಹುದಿತ್ತು. ದಿವ್ಯಶ್ರೀ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತುಂಬ ಹೊತ್ತು ನೋಡಿದಳು. ಮೀನು ಮಾರಿ ಬಂದ ಈರಮ್ಮನಿಗೆ ತೋರಿಸಿದರೆ ಅವರು ಸೆರಗಿನಿಂದ ಕೈ ಒರೆಸಿಕೊಂಡು, "ಲಾಯ್ಕಾಯ್ತು. ಆದ್ರೆ ಎಂತದೋ ಒಂದು ಇಲ್ಲ" ಎಂದಷ್ಟೇ ಹೇಳಿದರು. ಏನಿಲ್ಲ ಎಂದು ರಾಜೀವ ಕೇಳಿದ. ಅದೇ ಗೊತ್ತಾಗೂದಿಲ್ಲ ಎಂದು ಅವರು ಅಕ್ಕಿ ತೊಳೆಯಲು ಹೋದರು.

ಮರುದಿನ ಫೋಟೋಕ್ಕೆ ಕಟ್ಟು ಹಾಕಿಸಿ, ಬಂದವರಿಗೆಲ್ಲ ಕಾಣಲಿ ಎಂದು ರಾಜೀವ ಅದನ್ನು ಜಗಲಿಯ ಗೋಡೆಗೆ ನೇತುಹಾಕಿದ. ಈರಮ್ಮ ನಸುಕಿಗೇ ಬುಟ್ಟಿ ಹೊತ್ತು ಹೋಗಿದ್ದರು. ಬಿಸಿಲು ಜಗಲಿಗೆ ಬಂದದ್ದೇ ತಡ, ಸೋಮಣ್ಣನ ಮುಖ ಹಸಿರಾಯಿತು.

ಎಳೆ ಹಸಿರಲ್ಲ, ಕಡು ಹಸಿರೂ ಅಲ್ಲ. ಕೆಸುವಿನ ಎಲೆಯ ಹಿಂಬದಿಗೆ ಇರುತ್ತದಲ್ಲ, ಆ ನಮೂನೆ. ಅಂಗಿ ಬಿಳಿಯಾಗಿಯೇ ಇತ್ತು, ಹಿಂದಿನ ಪರದೆ ಕಪ್ಪಾಗಿಯೇ ಇತ್ತು. ಮುಖ ಮತ್ತು ಮುಷ್ಟಿ ಮಾತ್ರ ಹಸಿರು. ಮೊದಲು ನೋಡಿದ್ದು ಮನೆ ಮನೆ ಸುತ್ತುತ್ತ ಬಂದ ಆಶಾ ಕಾರ್ಯಕರ್ತೆ. ಆಕೆ ಒಂದು ಕ್ಷಣ ನೋಡಿ, ಈ ರೋಗಿ ಎಲ್ಲಿದ್ದಾರೆ, ಔಷಧಿ ಶುರು ಮಾಡಿದ್ದೀರಾ ಎಂದು ಕೇಳಿದರಂತೆ. ಅವರು ತೀರಿಕೊಂಡು ತುಂಬ ವರ್ಷವಾಯಿತು ಎಂದಳು ಸುಚಿತಾ. ಆಕೆ ನಿಟ್ಟುಸಿರು ಬಿಟ್ಟು, ಕಾಮಾಲೆಯನ್ನು ಅಸಡ್ಡೆ ಮಾಡಿದರೆ ಹೀಗೇ ಆಗುವುದು, ಇನ್ನಾದರೂ ನೀರು ಕುದಿಸಿ ಕುಡಿಯಿರಿ ಎಂದು ಹೇಳಿ ಮುಂದಿನ ಮನೆಗೆ ನಡೆದರು.

ರಾಜೀವ ಓಡಿಬಂದು ಫೋಟೋವನ್ನು ಒಳಕೋಣೆಗೆ ಒಯ್ದ. ಟ್ಯೂಬ್‌ಲೈಟಿನ ಕೆಳಗೆ ಸೋಮಣ್ಣ ಮತ್ತೆ ಬೂದು. ಹೊರಗೆ ತಂದ, ಹಸಿರು. ಒಳಗೆ, ಬೂದು. ಹೀಗೆ ಅವನು ಹೊಸ್ತಿಲು ದಾಟುತ್ತಲೇ ಇರುವಾಗ, ಶಾಸ್ತ್ರದ ಮಾತಾಡಲೆಂದು ಕುಮಟೆಯಿಂದ ಬಂದ ದಿನೇಶ ಬೈಕಿನಿಂದ ಇಳಿದ. ಆ ಗಳಿಗೆಯಲ್ಲಿ ಫೋಟೋ ಹೊರಗಿತ್ತು.

ದಿನೇಶ ಚಪ್ಪಲಿಯನ್ನೂ ಬಿಡಲಿಲ್ಲ. ಅಣ್ಣನ ಮುಖವನ್ನು ನೋಡಿದ, ಕೈ ಮುಗಿದ, ಮತ್ತೆ ನೋಡಿದ. ರಾಜೀವ ಶಾಯಿ, ಕಾಗದ, ಬೆಳಕು ಎಂದು ಏನೇನೋ ವಿವರಿಸಿದ. ಅವನ ವಿವರಣೆಯಲ್ಲಿ ಅರ್ಧ ಊಹೆ ಇರುತ್ತದೆಂದು ಕುಮಟೆಗೂ ಗೊತ್ತು. ಇದರೊಳಗೆ ಎಲ್ಲ ಬಣ್ಣ ಇದೆ, ಆದರೆ ಕಾಣುವುದಿಲ್ಲ ಎಂದು ನೀನೇ ಊರಿಗೆಲ್ಲ ಹೇಳಿದ್ದೀಯಂತೆ, ಈಗ ಕಾಣುತ್ತಿದೆಯಲ್ಲ, ಎಂತಕೆ ಕಾಣುತ್ತಿದೆ ಎಂದು ದಿನೇಶ ಕೇಳಿದ. ರಾಜೀವ ಅಂಗಿಯ ತುದಿಯಿಂದ ಫೋಟೋದ ಗಾಜು ಒರೆಸತೊಡಗಿದ. ಉತ್ತರ ದಿನೇಶನಿಗೇ ಹೊಳೆಯಿತು. ಭಟ್ಕಳದ ಮಾತು ಮುಂದೆ ಹೋಗುತ್ತಿದೆ, ಅಣ್ಣನ ಮುಖ ಹಸಿರಾಗಿದೆ. ಅಣ್ಣನಿಗೆ ಹಿಡಿಸಿಲ್ಲ.

ಹಾಗಾದರೆ ಬೇರೆ ಪ್ರಿಂಟ್ ಹಾಕುತ್ತೇನೆ ಎಂದು ರಾಜೀವ ಎದ್ದ. ಹಿರಿಯರು ಮುಖ ತೋರಿಸಿದ ಮೇಲೆ ಫೋಟೋ ಬದಲಿಸುವುದು ಅವರ ಬಾಯಿಗೆ ಬಟ್ಟೆ ತುರುಕಿದ ಹಾಗೆ ಎಂದು ದಿನೇಶ ತಡೆದ. ಶಾಸ್ತ್ರದ ದಿನ ಇದೇ ಫೋಟೋವನ್ನು ಜಗಲಿಯ ಮೇಲೆ, ಹಗಲು ಬೆಳಕಿನಲ್ಲಿ ಇಡಬೇಕು. ಆಗಲೂ ಹೀಗೇ ಇದ್ದರೆ "ಒಪ್ಪಿದ್ರು" ಎಂಬ ಮಾತು ತನ್ನ ಬಾಯಿಂದ ಬರುವುದಿಲ್ಲ ಎಂದು ಹೇಳಿ, ಚಾ ಕುಡಿದು ಹೊರಟು ಹೋದ.

ಅಂದಿನಿಂದ ಕೇರಿ ಎರಡು ಪಾಲಾಯಿತು. ಹಗಲು ನೋಡಿದವರು ಸೋಮಣ್ಣ ಸಿಟ್ಟಾಗಿದ್ದಾರೆ ಎಂದರು. ಸಂಜೆ ಒಳಕೋಣೆಯಲ್ಲಿ ನೋಡಿದವರು ಅವರು ಎಷ್ಟು ಸಮಾಧಾನದಲ್ಲಿದ್ದಾರೆ ಎಂದರು. ಬಂಗಾರಿ ಎರಡೂ ಹೊತ್ತು ನೋಡಿ, ಸೋಮಣ್ಣ ಬದುಕಿದ್ದಾಗಲೂ ಹಾಗೇ, ಹರಾಜಿನ ಹೊತ್ತಿಗೆ ಒಂದು ಮುಖ, ಊಟದ ಹೊತ್ತಿಗೆ ಒಂದು ಮುಖ ಎಂದಳು. ಈರಮ್ಮನಿಗೆ ಮಾತ್ರ ಯಾರೂ ಹೇಳಬಾರದು ಎಂದು ಎಲ್ಲರೂ ಎಲ್ಲರಿಗೂ ಹೇಳಿದರು. ಅವರು ದಿನವೂ ನಸುಕಿಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದದ್ದರಿಂದ ಗುಟ್ಟು ಉಳಿಯಿತು.

ದಿವ್ಯಶ್ರೀ ಗಲಾಟೆ ಮಾಡಲಿಲ್ಲ. ಮಾಡಿದ್ದರೆ ರಾಜೀವನಿಗೆ ಸಲೀಸಾಗುತ್ತಿತ್ತು. "ಅಣ್ಣ, ಸ್ಟುಡಿಯೋಕ್ಕೆ ಕೊಟ್ಟಿದ್ರೆ ಎಂತ ಆಗ್ತಿತ್ತು?" ಎಂದು ಒಮ್ಮೆ ಕೇಳಿದಳು, ಅಷ್ಟೇ. ಆಮೇಲೆ ಅವನಿಗೆ ಚಾ ಕೊಡುವಾಗ ಲೋಟವನ್ನು ದೂರದಲ್ಲಿಟ್ಟು ಹೋಗತೊಡಗಿದಳು. ದಿನೇಶ ಚಿಕ್ಕಪ್ಪ ಬೇಡವೆಂದರೂ ಮದುವೆ ಮಾಡಿಕೊಳ್ಳಬಹುದಲ್ಲ ಎಂದು ಸುಚಿತಾ ಹೇಳಿದ್ದಕ್ಕೆ, ಚಿಕ್ಕಪ್ಪ ಬೇಡವೆಂದರೆ ತಲೆ ಕೆಡಿಸಿಕೊಳ್ಳುವುದಿಲ್ಲ, ಅಪ್ಪ ಬೇಡ ಎಂದರು ಅಂತ ಅಮ್ಮನ ಎದುರು ಹತ್ತು ಜನ ಹೇಳಿದರೆ ಅದನ್ನು ಹೊತ್ತುಕೊಂಡು ಹೇಗೆ ಹೋಗುವುದು ಎಂದು ಹೇಳಿ ಒಳಗೆ ಹೋದಳಂತೆ.

ರಾಜೀವ ಫೋಟೋವನ್ನು ಟವೆಲಿನಲ್ಲಿ ಸುತ್ತಿ ಪ್ರಿಂಟರು ಕೊಂಡ ಅಂಗಡಿಗೆ ಜಗಳಕ್ಕೆಂದು ಭಟ್ಕಳದ ಬಸ್ಸು ಹತ್ತಿದ. ಸಾಕ್ಷಿಗೆ ನನ್ನನ್ನೂ ಎಳೆದುಕೊಂಡು ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು, ಅಂಗಡಿಯ ಗಾಜಿನ ಬಾಗಿಲು ತಳ್ಳಿ ಒಳಗೆ ಹೋಗಿ, ನೋಡಿ ನಿಮ್ಮ ಮಿಷನ್ನು ನಮ್ಮ ಅಪ್ಪನಿಗೆ ಮಾಡಿದ್ದು ಎಂದು ಟವೆಲು ಬಿಚ್ಚಿದ. ಅಂಗಡಿಯ ದೀಪದ ಕೆಳಗೆ ಸೋಮಣ್ಣ ಅಪ್ಪಟ ಬೂದು ಬಣ್ಣದಲ್ಲಿ ಕೂತಿದ್ದರು. ಅಂಗಡಿಯ ಸಾಹೇಬರು ಫೋಟೋ ನೋಡಿ, ಮಾಶಾಲ್ಲಾ, ಚೆನ್ನಾಗಿ ಬಂದಿದೆ, ತಂದೆಯವರು ಮಿಲಿಟರಿಯಲ್ಲಿದ್ದರಾ ಎಂದು ಕೇಳಿದರು. ಹೊರಗೆ ಬಂದು ನೋಡಿ ಎಂದ ರಾಜೀವ. ಸಾಹೇಬರು ಬಂದರು. ಹಸಿರು. ಒಳಗೆ ಹೋದರು. ಬೂದು. ಮತ್ತೆ ಹೊರಗೆ ಬಂದರು, ಈ ಸಲ ಪಕ್ಕದ ಬಟ್ಟೆ ಅಂಗಡಿಯವರನ್ನೂ ಕರೆದರು. ಸ್ವಲ್ಪ ಹೊತ್ತಿಗೆ ಪೇಟೆಯ ಅರ್ಧ ಜನ ಉರ್ದು, ನವಾಯತಿ, ಕೊಂಕಣಿ, ಕನ್ನಡ ಎಲ್ಲದರಲ್ಲೂ ಅಭಿಪ್ರಾಯ ಹೇಳುತ್ತ ಸೋಮಣ್ಣನ ಹಿಂದೆ ಅಂಗಡಿಯ ಒಳಗೆ ಹೊರಗೆ ಓಡಾಡತೊಡಗಿದರು.

ಸಾಹೇಬರು ಕೊನೆಗೆ ಬೆವರು ಒರೆಸಿಕೊಂಡು ತೀರ್ಪು ಕೊಟ್ಟರು. "ಭಾಯಿ, ಪ್ರಿಂಟರಿನ ತಪ್ಪಲ್ಲ ಇದು. ಬಿಸಿಲಿನದು. ಬಿಸಿಲಿಗೆ ನಾವು ವಾರಂಟಿ ಕೊಡೋದಿಲ್ಲ."

ಗುಂಪಿನ ನಡುವಿನಿಂದ ಎಣ್ಣೆ ಹತ್ತಿದ ಅಂಗಿಯ ಒಬ್ಬ ಹುಡುಗ ಇಣುಕಿ, ಫೋಟೋವನ್ನೂ ರಾಜೀವನನ್ನೂ ನೋಡಿ, ತಟ್ಟನೆ ಅಂಗಿಯ ಗುಂಡಿ ಹಾಕಿಕೊಂಡ. ಶಿಶಿರ. ಇಂಜಿನ್ನಿನ ಸಾಮಾನು ಕೊಳ್ಳಲು ಬಂದವನು. ಭಾವಿ ಮಾವ ಪೇಟೆಯ ನಡುವೆ ಬಣ್ಣ ಬದಲಿಸುತ್ತಿರುವುದನ್ನು ಕಂಡು ಅವನಿಗೆ ಗಾಬರಿಯಾಗಲಿಲ್ಲ, ಕುತೂಹಲವಾಯಿತು. ಫೋಟೋವನ್ನು ಮರದ ನೆರಳಿಗೆ ಒಯ್ದು ನೋಡಿದ, ಕೆಂಪು ಕೊಡೆಯೊಂದನ್ನು ಯಾರಿಂದಲೋ ಕಸಿದು ಅದರಡಿ ಹಿಡಿದು ನೋಡಿದ. ಕೊಡೆಯ ಅಡಿಯಲ್ಲಿ ಹಸಿರು ಮಾಯ. ಅಂಗಳಕ್ಕೆ ಕೆಂಪು ಬಟ್ಟೆಯ ಚಪ್ಪರ ಹಾಕಿ, ಅಣ್ಣ, ಎಲ್ಲ ಸರಿಹೋಗುತ್ತದೆ ಎಂದು ರಾಜೀವನ ಕಿವಿಯಲ್ಲಿ ಪಿಸುಗುಟ್ಟಿದ. ತಲೆಯಿರುವ ಹುಡುಗ ಎಂದು ನನಗೆ ಆಗಲೇ ಅನ್ನಿಸಿತು.

ಶಾಸ್ತ್ರದ ದಿನ ರಾಜೀವನ ಅಂಗಳದಲ್ಲಿ ಜಗಲಿಯನ್ನೂ ಮುಚ್ಚುವ ಹಾಗೆ ಕೆಂಪು ಚಪ್ಪರ ಎದ್ದಿತು. ಅದರಡಿ ಸೋಮಣ್ಣನ ಮುಖ ನಿಜಕ್ಕೂ ಸರಿಯಾಗಿಯೇ ಕಂಡಿತು. ಸರಿ ಕಾಣದಿದ್ದದ್ದು ಉಳಿದವರು. ಭಟ್ಕಳದ ಬೀಗರು ಆರೂ ಜನ ಜ್ವರ ಬಂದವರ ಹಾಗೆ ಕೆಂಪಗೆ ಕೂತಿದ್ದರು, ಬಿಳಿ ಅನ್ನ ಗುಲಾಬಿಯಾಗಿತ್ತು, ಮೀನುಸಾರಿನ ಬಣ್ಣ ಹೇಳುವಂತೆಯೇ ಇರಲಿಲ್ಲ. ಆ ದಿನ ವ್ಯಾಪಾರಕ್ಕೆ ಹೋಗದೆ ಮನೆಯಲ್ಲೇ ಇದ್ದ ಈರಮ್ಮ ಅಡುಗೆಮನೆಯಿಂದ ಹೊರಗೆ ಬಂದಿರಲಿಲ್ಲ. ದಿನೇಶ ಕುಮಟೆಯಿಂದ ಇಸ್ತ್ರಿ ಅಂಗಿಯಲ್ಲಿ ಬಂದು, ಚಪ್ಪರವನ್ನು ತಲೆಯೆತ್ತಿ ನೋಡಿದ. ನೇತ್ರಾಣಿಗೆ ಒಬ್ಬನೇ ಹೋದ ಮನುಷ್ಯನ ತಲೆಯ ಮೇಲೆ ಬಟ್ಟೆಯೇ, ಅಣ್ಣನಿಗೆ ಆಕಾಶ ಕಾಣಬೇಕು ಎಂದ. ರಾಜೀವ ಬಿಸಿಲು, ಬೀಗರು, ತಲೆನೋವು ಎಂದ. ದಿನೇಶ ತಾನೇ ಹೋಗಿ ಒಂದು ಮೂಲೆಯ ಹಗ್ಗ ಬಿಚ್ಚಿದ.

ಬಟ್ಟೆ ಜಾರಿತು, ಬಿಸಿಲು ನೇರ ಮಣೆಯ ಮೇಲೆ ಬಿತ್ತು, ಸೋಮಣ್ಣ ಎಲ್ಲರ ಕಣ್ಣೆದುರಿಗೇ ಹಸಿರಾದರು. ಬೀಗರಲ್ಲಿ ಒಬ್ಬ ಮುದುಕ ರಾಮ ರಾಮ ಎಂದ. ಶಿಶಿರ ನೆಲ ನೋಡಿದ. ದಿವ್ಯಶ್ರೀ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ದಿನೇಶ ವೀಳ್ಯದ ಮೇಲೆ ಕೈಯಿಟ್ಟು ಗಂಟಲು ಸರಿಮಾಡಿಕೊಂಡ.

ಅಷ್ಟರಲ್ಲಿ ಈರಮ್ಮ ಹುರಿದ ಮೀನಿನ ತಟ್ಟೆ ಹಿಡಿದುಕೊಂಡು ಹೊರಗೆ ಬಂದರು. ಫೋಟೋವನ್ನು ಹಗಲಿನಲ್ಲಿ ಅವರು ನೋಡಿದ್ದು ಅದೇ ಮೊದಲು. ತಟ್ಟೆಯನ್ನು ಸುಚಿತಾಳ ಕೈಗೆ ಕೊಟ್ಟು, ಮಣೆಯ ಎದುರು ಕುಕ್ಕುರುಗಾಲಲ್ಲಿ ಕೂತು, ಗಾಜಿನ ಹತ್ತಿರ ಮುಖ ಒಯ್ದರು. ಈಗ ಅಳುತ್ತಾರೆ ಎಂದು ಬಂಗಾರಿ ನನ್ನ ಕಿವಿಯಲ್ಲಿ ಹೇಳಿದಳು. ಈರಮ್ಮ ನಕ್ಕರು.

"ಇದೇ ಬಣ್ಣ," ಎಂದರು. "ಮೊನ್ನೆಯಿಂದ ಎಂತ ಇಲ್ಲ, ಎಂತ ಇಲ್ಲ ಅಂತ ಹುಡುಕ್ತಿದ್ದೆ. ಇದೇ."

"ಎಂತ ಬಣ್ಣ ಅತ್ತಿಗೆ?" ಎಂದ ದಿನೇಶ.

"ಲಾಂಚಿಂದ ಇಳಿದಾಗ ಇವ್ರ ಮುಖ ಹೀಗೇ ಇತ್ತು."

ಆಮೇಲೆ ಅವರು ಹೇಳಿದ್ದನ್ನು ನಾನು ಕೇಳಿದಂತೆ ಹೇಳುತ್ತೇನೆ. ಸೋಮಣ್ಣ ಹೆಣ್ಣು ನೋಡಲು ಗೇರುಸೊಪ್ಪೆಯಿಂದ ಹೊಳೆಯಲ್ಲಿ ಲಾಂಚು ಹತ್ತಿ ಹೊನ್ನಾವರಕ್ಕೆ ಬಂದರು. ಸಮುದ್ರವಲ್ಲ, ಬರೀ ಹೊಳೆ. ಗಾಳಿಯಿಲ್ಲ, ಅಲೆಯಿಲ್ಲ. ಆದರೂ ದಾರಿಯುದ್ದಕ್ಕೂ ವಾಂತಿ. ದಕ್ಕೆಯಲ್ಲಿ ಇಳಿದು ಕಂಬ ಹಿಡಿದು ನಿಂತವರ ಮುಖ ಹಸಿರು ಹೊಡೆದಿತ್ತು. ಮೀನು ಬುಟ್ಟಿ ಇಟ್ಟುಕೊಂಡು ಅಲ್ಲೇ ಕೂತಿದ್ದ ಈರಮ್ಮ, ಇವರೇ ತನ್ನನ್ನು ನೋಡಲು ಬಂದವರು ಎಂದು ತಿಳಿಯದೆ, ಮೂಸಿ ನೋಡಿ ಎಂದು ಒಂದು ಲಿಂಬೆಹಣ್ಣು ಕೊಟ್ಟರು. ಕರ್ಕಿಯಲ್ಲಿದ್ದ ಅಜ್ಜಿಗೆ ಹುಡುಗನ ಮುಖ ತೋರಿಸಬೇಕೆಂದು ಈರಮ್ಮನ ಅಪ್ಪ ಅವರನ್ನು ದಕ್ಕೆಯಿಂದ ನೆಟ್ಟಗೆ ಸ್ಟುಡಿಯೋಕ್ಕೆ ಕರೆದುಕೊಂಡು ಹೋದರು.

"ಆ ಮುಷ್ಟಿಯೊಳಗೆ ಇರೂದು ನನ್ನ ಲಿಂಬೆಹಣ್ಣು," ಎಂದರು ಈರಮ್ಮ. "ಫೋಟೋ ಬಂದಾಗ ಮುಖ ಸಮಾ ಇತ್ತು. ಹಸಿರು ಎಲ್ಲಿ ಹೋಯ್ತು ಅಂತ ನಾ ಇಷ್ಟು ವರ್ಷ ಟ್ರಂಕು ತೆಗೆದಾಗೆಲ್ಲ ನೋಡೂದು. ಈಗ ಹೊರಗೆ ಬಂತು."

ದಿನೇಶನ ಕೈ ಇನ್ನೂ ವೀಳ್ಯದ ಮೇಲೇ ಇತ್ತು. ಹಾಗಾದರೆ ನೇತ್ರಾಣಿ ಎಂದು ಕೇಳಿದ. ಅವನ ದನಿ ತೊಡೆಯ ಮೇಲೆ ಕೂತ ಸಣ್ಣ ಹುಡುಗನದಾಗಿತ್ತು.

"ಮುರ್ಡೇಶ್ವರದ ದಂಡೆ ಮೇಲೆ ನಿಂತು ನೋಡಿದ್ರು. ನಾನೂ ಸಂಗ್ತಿಗೆ ಇದ್ದೆ. ಅಷ್ಟು ದೂರದಿಂದ ನೋಡಿಯೇ ತಲೆ ತಿರುಗ್ತು ಅಂದ್ರು." ಈರಮ್ಮ ಸೆರಗಿನಿಂದ ಗಾಜು ಒರೆಸಿದರು. "ಇವ್ರಿಗೆ ಸಮುದ್ರ ಆಗೂದಿಲ್ಲ ಅಂತ ನಾಲ್ಕು ಜನ್ರಿಗೆ ಗೊತ್ತಾಗೂದು ಬೇಡ ಅಂತ, ಹೆಂಡ್ತಿ ಬಿಡೂದಿಲ್ಲ ಅಂತ ಹೇಳಿ ಅಂತ ನಾನೇ ಹೇಳಿಕೊಟ್ಟೆ. ಬೈಗುಳ ನಂಗೇ ಇರ್ಲಿ, ಆತು. ಈಗ ಮಗಳ ವಿಷಯ, ಬಾಯಿ ಮುಚ್ಚಿ ಕೂತ್ರೆ ಆಗೂದಿಲ್ಲ. ಬೋಟಿಲ್ಲದವ್ರಿಗೆ ಹೆಣ್ಣು ಕೊಡೂದಿಲ್ಲ ಅಂತ ನನ್ನಪ್ಪ ಅಂದಿದ್ರೆ ನೀ ಇವತ್ತು ಯಾರ ಜಗಲಿ ಮೇಲೆ ಕೂತು ಮಾತಾಡ್ತಿದ್ದೆ, ತಮಾ?"

ಇಷ್ಟು ವರ್ಷ ನಾಲಿಗೆ ಲೊಚ್ ಎನ್ನಿಸಿದ ನಾವೆಲ್ಲ ನಮ್ಮ ನಮ್ಮ ಕಾಲ ಬೆರಳು ನೋಡಿಕೊಂಡೆವು. ಆಗ ಶಿಶಿರ ಕೆಮ್ಮಿದ. ತನಗೂ ಸ್ವಲ್ಪ ಹಾಗೇ ಎಂದ. ಬೋಟು ದಕ್ಕೆ ಬಿಟ್ಟು ಹೊರಟರೆ ಹೊಟ್ಟೆ ತೊಳಸುತ್ತದೆ, ಅದಕ್ಕಾಗಿಯೇ ಇಂಜಿನ್ನುಗಳನ್ನು ದಂಡೆಗೇ ತರಿಸಿಕೊಳ್ಳುವುದು. ಅವನ ತಾಯಿ ಅವನ ತೊಡೆಗೆ ಚಿವುಟಿದ್ದು ಎಲ್ಲರಿಗೂ ಕಂಡಿತು. ಈರಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಒಳಗೆ ಲಿಂಬೆಹಣ್ಣು ಇದೆಯಾ ನೋಡು ಎಂದು ದಿವ್ಯಶ್ರೀಗೆ ಹೇಳಿದರು. ಬಾಗಿಲಲ್ಲಿ ನಿಂತ ಹುಡುಗಿ ಅಳುತ್ತ ನಗುತ್ತ ಒಳಗೆ ಓಡಿದಳು.

ದಿನೇಶ ಫೋಟೋದ ಮುಷ್ಟಿಯನ್ನು ತುಂಬ ಹೊತ್ತು ನೋಡಿದ. ಚುಕ್ಕಾಣಿಯನ್ನು ಬಿಟ್ಟು ಲಿಂಬೆಹಣ್ಣನ್ನು ಒಪ್ಪಿಕೊಳ್ಳಲು ಅವನಿಗೆ ಸ್ವಲ್ಪ ಸಮಯ ಬೇಕಾಯಿತು. ಆಮೇಲೆ ಕಣ್ಣು ಒರೆಸಿಕೊಂಡು, ವೀಳ್ಯ ಎತ್ತಿ ಶಿಶಿರನ ಅಪ್ಪನ ಕೈಗೆ ಕೊಟ್ಟು, "ಒಪ್ಪಿದ್ರು" ಎಂದ. ಹಸಿರು ಮುಖದ ಎದುರು ಎಲ್ಲರೂ ಊಟಕ್ಕೆ ಕೂತರು.

ರಾಜೀವನ ಬಗ್ಗೆ ಏನೂ ಹೇಳದೆ ಮುಗಿಸುವಂತಿಲ್ಲ. ಎರಡನೇ ಸಲ ಅನ್ನ ಹಾಕಿಸಿಕೊಳ್ಳುವ ಹೊತ್ತಿಗೆ ಅವನು ಪೂರ್ತಿ ಚೇತರಿಸಿಕೊಂಡಿದ್ದ. ಸ್ಟುಡಿಯೋದವನು ಮುಚ್ಚಿಟ್ಟ ಬಣ್ಣವನ್ನು ತನ್ನ ಮಿಷನ್ನು ಹೇಗೆ ಹುಡುಕಿ ತೆಗೆಯಿತು ಎಂದು ಬೀಗರಿಗೆ ವಿವರಿಸತೊಡಗಿದ. ಬೀಗರು ತಮ್ಮ ಅಜ್ಜನ ಫೋಟೋ ಒಂದಿದೆ, ಅದರಲ್ಲಿ ಏನಿದೆ ನೋಡುತ್ತೀರಾ ಎಂದು ಕೇಳಿದರು. ಆ ಫೋಟೋ ಈಗ ಅವನ ಮೇಜಿನ ಮೇಲಿದೆ, ಭಟ್ಕಳದವರು ಸ್ವಲ್ಪ ಅಂಜಿಕೆಯಲ್ಲಿದ್ದಾರೆ.

ಶಾಸ್ತ್ರ ಮುಗಿದ ಮೇಲೆ ರಾಜೀವ ಫೋಟೋವನ್ನು ಒಳಕೋಣೆಯ ಟ್ಯೂಬ್‌ಲೈಟಿನ ಕೆಳಗೆ ಹಾಕಲು ಮೊಳೆ ಹೊಡೆಯುತ್ತಿದ್ದ. ಈರಮ್ಮ ಅವನ ಕೈಯಿಂದ ಸುತ್ತಿಗೆ ಕಸಿದುಕೊಂಡರು. ಜಗಲಿಯಲ್ಲಿ, ಬೆಳಗಿನ ಬಿಸಿಲು ನೇರ ಬೀಳುವ ಗೋಡೆಯನ್ನು ತೋರಿಸಿದರು.

"ಅಲ್ಲಿ ಹಾಕು," ಎಂದರು. "ಒಳಗೆ ಅವ್ರು ಬೇರೆ ಯಾರದೋ ಗಂಡನ ಹಾಗೆ ಕಾಣ್ತ್ರು."